ನಾವೇ ಲೆಕ್ಕ ಹಾಕಿ ಹಿಮ ನೋಡಿ ಬಂದೆವು

ಹೊಸನಗರದ ಕಡೆಯವಳಾದ ನನಗೆ ಮಳೆ ಗೊತ್ತು, ಮಂಜು ಗೊತ್ತು, ಚಳಿಯೂ ಒಂದಿಷ್ಟು ಗೊತ್ತು. ಆದರೆ ಹಿಮ ಅಂದರೆ ನಮ್ಮ ಮನೆಯಲ್ಲಿ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟುವ ಬಿಳಿ ಗಡ್ಡೆ, ಅಷ್ಟೇ. ತಿಂಗಳಿಗೊಮ್ಮೆ ಅದನ್ನು ಕರಗಿಸಿ ಒರೆಸುವವಳೂ ನಾನೇ. ಅಂಥ ನಾನು ಗಂಡ, ಮಕ್ಕಳು, ಸಾಗರದ ಅಕ್ಕ, ತೀರ್ಥಹಳ್ಳಿಯ ತಂಗಿಯ ಸಂಸಾರ ಎಲ್ಲರನ್ನೂ ಕಟ್ಟಿಕೊಂಡು, ಯಾವ ಟೂರಿನವರ ಹಂಗೂ ಇಲ್ಲದೆ ಹಿಮಾಚಲ ಪ್ರದೇಶಕ್ಕೆ ಹೋಗಿ, ಹಿಮದ ಮೇಲೆ ಜಾರುವ ಸ್ಕೀ ಆಟವನ್ನು ಮಕ್ಕಳಿಗೆ ಆಡಿಸಿಕೊಂಡು ಬಂದೆ ಅಂದರೆ ನಂಬುತ್ತೀರಾ? ಇದು 2024ರ ಫೆಬ್ರವರಿಯ ಮಾತು. ನಮ್ಮ ಮನೆಯ ನಾಲ್ಕು ಜನಕ್ಕೆ ಹನ್ನೆರಡು ದಿನಕ್ಕೆ ಆದ ಖರ್ಚು 37,700 ರೂಪಾಯಿ. ಹೇಗೆ ಅಂತ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ನಾನು ಸೋತ ಕತೆ ಹೇಳಬೇಕು. ಇಲ್ಲದಿದ್ದರೆ ಈ ಲೆಕ್ಕಕ್ಕೆ ಅರ್ಥವಿಲ್ಲ.

2022ರಲ್ಲಿ ಒಬ್ಬ ಟೂರಿನವರು "ಕುಲು ಮನಾಲಿ, ಊಟ ವಸತಿ ಎಲ್ಲ ಸೇರಿ" ಅಂತ ಹೇಳಿ ತಲೆಗೆ ಐದು ಸಾವಿರ ಮುಂಗಡ ಕೇಳಿದರು. ಮಾತು ಎಷ್ಟು ಚೆನ್ನಾಗಿತ್ತು ಅಂದರೆ, ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ ಮಾರಿ ಕೂಡಿಟ್ಟಿದ್ದ ಇಪ್ಪತ್ತು ಸಾವಿರವನ್ನು ಇವರನ್ನು ಕೇಳದೆಯೇ ಕೊಟ್ಟುಬಿಟ್ಟೆ. ಮನೆಯವರಿಗೆಲ್ಲ ಆಶ್ಚರ್ಯ ಮಾಡಬೇಕು ಅಂತ ನನ್ನ ಆಸೆ! ಟೂರು ಒಮ್ಮೆ ಮುಂದೆ ಹೋಯಿತು, ಎರಡು ಸಲ ಮುಂದೆ ಹೋಯಿತು. ಮೂರನೆಯ ಸಲ ಫೋನೇ ಹೋಗಲಿಲ್ಲ.

ಇವರು ಬಯ್ಯಲಿಲ್ಲ. ಬಯ್ದಿದ್ದರೆ ಅತ್ತು ಹಗುರಾಗುತ್ತಿದ್ದೆನೋ ಏನೋ. "ಹೋಗ್ಲಿ ಬಿಡು" ಅಂದವರು ಎಲೆಯಡಿಕೆ ಹಾಕಿಕೊಂಡು ತೋಟಕ್ಕೆ ಹೋದರು. ಆದರೆ ಆಮೇಲೆ ಮನೆಯಲ್ಲಿ ದುಡ್ಡಿನ ವಿಷಯಕ್ಕೆ ನಾನು ಬಾಯಿ ಹಾಕಿದಾಗಲೆಲ್ಲ ಒಂದು ಮಾತು ಬರತೊಡಗಿತು: "ಟೂರಿನ ದುಡ್ಡಿನ ಹಾಗೆ ಆಗದಿದ್ದರೆ ಸಾಕು." ಮಿಕ್ಸಿ ಕೊಳ್ಳುವಾಗಲೂ ಅದೇ, ಮಗಳಿಗೆ ಟ್ಯೂಷನ್ ಹಾಕುವಾಗಲೂ ಅದೇ. ನಗುತ್ತಲೇ ಹೇಳುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೆ ಮಾತ್ರ ಚುಚ್ಚುತ್ತಿತ್ತು. ಇಪ್ಪತ್ತು ವರ್ಷ ಸಂಸಾರ ತೂಗಿಸಿದವಳ ಲೆಕ್ಕಕ್ಕೆ ಒಂದೇ ತಪ್ಪಿನಿಂದ ಬೆಲೆ ಹೋಯಿತಲ್ಲ ಅಂತ.

2023ರ ಸೆಪ್ಟೆಂಬರಿನಲ್ಲಿ ಒಂದು ದಿನ ಕ್ಯಾಲೆಂಡರ್ ನೋಡುತ್ತಿದ್ದವಳಿಗೆ ಫಕ್ಕನೆ ಹೊಳೆಯಿತು. ಮಗಳು ಒಂಬತ್ತನೆಯ ಕ್ಲಾಸು, ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಮಗ ಡಿಗ್ರಿ ಎರಡನೇ ವರ್ಷ, ಅದು ಮುಗಿದರೆ ಬೆಂಗಳೂರೋ ಇನ್ನೆಲ್ಲೋ. ನಾವು ನಾಲ್ವರೂ ಒಟ್ಟಿಗೆ ಎಲ್ಲಾದರೂ ಹೋಗುವುದಿದ್ದರೆ ಆ ಚಳಿಗಾಲವೊಂದೇ ಉಳಿದಿತ್ತು. ರಾತ್ರಿ ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ. ಇವರು ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು.

"ಎಂತ ಮಾರಾಯ್ತಿ, ಎಲೆಚುಕ್ಕಿ ರೋಗಕ್ಕೆ ಔಷಧಿ ಹೊಡೆಸೋದಕ್ಕೇ ದುಡ್ಡು ಸಾಲ್ತಾ ಇಲ್ಲ. ಈ ವರ್ಷ ಮಳೆನೂ ಇಲ್ಲ. ಹಿಮ ನೋಡೋದು ಎಂತಕ್ಕೆ?"

ಅವರ ಮಾತು ಸುಳ್ಳಲ್ಲ. 2023 ಮಲೆನಾಡಿಗೂ ಬರ ಬಂದ ವರ್ಷ. ನಮ್ಮದು ಎರಡೇ ಎಕರೆ ತೋಟ, ಎಲೆಚುಕ್ಕಿ ಅರ್ಧ ತೋಟ ಹಿಡಿದಿತ್ತು. ಹಾಗಾಗಿ ನಾನು ವಾದ ಮಾಡಲಿಲ್ಲ. "ತೋಟದ ದುಡ್ಡು ಮುಟ್ಟುವುದಿಲ್ಲ" ಅಂದೆ. ಎರಡು ವರ್ಷದ ಉಪ್ಪಿನಕಾಯಿ, ಹಪ್ಪಳದ ದುಡ್ಡು 24,000. ಡೇರಿಯ ಹಾಲಿನ ಬಿಲ್ಲಿನಲ್ಲಿ ಉಳಿಸಿದ್ದು 12,000. ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದು, "ನಂದೂ ನಾಲ್ಕು ಸಾವಿರ ಹಾಕಿಕೋ" ಅಂದರು. ನಮ್ಮ ರೇಷನ್ ಕಾರ್ಡಿನಲ್ಲಿ ಯಜಮಾನಿ ಅವರೇ. ಆಗಷ್ಟೇ ಶುರುವಾಗಿದ್ದ ಗೃಹಲಕ್ಷ್ಮಿಯ ಎರಡು ಕಂತು ನನಗೆ ಅಂತ ಹೇಳಿದರು. ಅಲ್ಲಿಗೆ ಸರಿಯಾಗಿ ನಲವತ್ತು ಸಾವಿರ.

"ನಲವತ್ತರ ಮೇಲೆ ಒಂದು ರೂಪಾಯಿ ಕೇಳಬೇಡ" ಅಂದರು ಇವರು. "ಕೇಳಿದರೆ ನನ್ನ ಹೆಸರು ಕರೀಬೇಡಿ" ಅಂದೆ ನಾನು. ಧೈರ್ಯವಾಗಿ ಅಂದೆನೇನೋ ಸರಿ, ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಬೆಂಗಳೂರಿನ ಒಂದು ಕಡೆ ಫೋನು ಮಾಡಿ ವಿಚಾರಿಸಿದೆ. ತಲೆಗೆ 24,500. ನಾಲ್ವರಿಗೆ 98,000! ಸ್ಕೀ ಆಟಕ್ಕೆ ಬೇರೆ. ಏನೇನು ಸೇರಿದೆ ಅಂದರೆ "ಎಲ್ಲ ಸೇರಿದೆ ಮೇಡಂ" ಅಂತಾರೆ. ಎಲ್ಲ ಅಂದರೆ ಯಾವುದಕ್ಕೆ ಎಷ್ಟು ಅಂದರೆ ಉತ್ತರವಿಲ್ಲ. ನೀವೇ ಹೇಳಿ, ಅಂಗಡಿಯವನು ಹಬ್ಬದ ಸಾಮಾನು ಕಟ್ಟಿಟ್ಟು "ಎಲ್ಲ ಸೇರಿ ಇಷ್ಟು" ಅಂದರೆ ನಾವು ಕೊಡುತ್ತೇವಾ? ಚೀಟಿ ತೋರಿಸು ಅನ್ನುತ್ತೇವೆ. ಬೇಳೆ ಎಷ್ಟು, ಬೆಲ್ಲ ಎಷ್ಟು ನೋಡುತ್ತೇವೆ. ಪ್ರವಾಸಕ್ಕೂ ಒಂದು ಜಿನಸಿ ಚೀಟಿ ಬರೆದರೆ ಆಯಿತಲ್ಲ ಅಂತ ಮಗಳ ಹಳೆ ನೋಟುಬುಕ್ಕು ತೆಗೆದೆ. ರೈಲು, ರೂಮು, ಬಸ್ಸು, ಊಟ, ಬಟ್ಟೆ, ಆಟ, ಆಪತ್ತು ಅಂತ ಏಳು ಸಾಲು ಬರೆದು, ಒಂದೊಂದರ ಮುಂದೆ ಬೆಲೆ ತುಂಬುತ್ತಾ ಹೋದೆ.

ಅಕ್ಕ ತಂಗಿಯರಿಗೆ ಫೋನು ಮಾಡಿದೆ. ನಾವು ಮೂವರೂ ಮೂರು ಊರಿಗೆ ಬಿದ್ದವರು. ಜಾತ್ರೆಗೋ ಮದುವೆಗೋ ಸೇರಿದರೆ ಸೇರಿದೆವು. ಅಕ್ಕನಿಗೆ ಐವತ್ತೆರಡು, ಭಾವ ತೀರಿಕೊಂಡು ಐದು ವರ್ಷ ಆಗಿತ್ತು, ಮಗಳ ಜೊತೆ ಇದ್ದಾಳೆ. "ನಾನೆಂತಕ್ಕೆ ಅಲ್ಲಿಗೆ? ನೀವು ಹೋಗಿ" ಅಂದಳು. "ನೀನು ಬರದಿದ್ದರೆ ಟಿಕೆಟ್ ಮಾಡಿಸುವವರು ಯಾರೇ?" ಅಂದೆ. ಕೆಲಸ ಇದೆ ಅಂದರೆ ಅಕ್ಕ ಯಾವತ್ತೂ ಇಲ್ಲ ಅನ್ನುವವಳಲ್ಲ, ಒಪ್ಪಿದಳು. ತಂಗಿ ಹಿಂದಿ ಪರೀಕ್ಷೆಗಳನ್ನು ಕಟ್ಟಿ ಪಾಸು ಮಾಡಿದವಳು. ರೂಮಿನವರ ಹತ್ತಿರ ಮಾತಾಡುವ ಕೆಲಸ ಅವಳಿಗೆ. ಲೆಕ್ಕ, ಬಟ್ಟೆ, ತಿಂಡಿ ನನಗೆ. ಒಟ್ಟು ಒಂಬತ್ತು ಜನ.

ಮೊದಲನೆಯ ಪ್ರಶ್ನೆ, ಎಲ್ಲಿಗೆ? ನಮ್ಮ ದೇಶದಲ್ಲಿ ಸ್ಕೀ ಆಡುವ ಹೆಸರಾಂತ ಜಾಗಗಳು ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ, ಹಿಮಾಚಲದ ಸೋಲಂಗ್, ಕುಫ್ರಿ, ನಾರ್ಕಂಡಾ. ಗುಲ್ಮಾರ್ಗ್ ನಮ್ಮ ಜೇಬಿಗೆ ದೂರ. ಔಲಿಗೆ ಜೋಶಿಮಠದ ಮೇಲೆ ಹೋಗಬೇಕು. 2023ರ ಜನವರಿಯಲ್ಲಿ ಅಲ್ಲಿಯ ಮನೆಗಳು ಬಿರುಕು ಬಿಟ್ಟು ಜನ ಮನೆ ಬಿಟ್ಟದ್ದನ್ನು ಟೀವಿಯಲ್ಲಿ ನೋಡಿದ್ದೆವು. ಸೋಲಂಗ್ ಇರುವ ಮನಾಲಿಯ ರಸ್ತೆಯನ್ನು ಅದೇ ಜುಲೈಯಲ್ಲಿ ಬಿಯಾಸ್ ನದಿಯ ನೆರೆ ಕೊಚ್ಚಿತ್ತು. ಉಳಿದದ್ದು ಶಿಮ್ಲಾ ಕಡೆ. ಶಿಮ್ಲಾದವರೆಗೆ ರೈಲು ಹೋಗುತ್ತದೆ, ಅಲ್ಲಿಂದ ಅರುವತ್ತು ಚಿಲ್ಲರೆ ಕಿ.ಮೀ. ದೂರದ ನಾರ್ಕಂಡಾಕ್ಕೆ ಸರ್ಕಾರಿ ಬಸ್ಸಿದೆ. ಹೊಸಬರು ಕಲಿಯುವಂಥ ಸಣ್ಣ ಇಳಿಜಾರೂ ಇದೆ. ಆ ಆಗಸ್ಟಿನಲ್ಲಿ ಗುಡ್ಡ ಕುಸಿದು ಶಿಮ್ಲಾ ರೈಲಿನ ಹಳಿ ಗಾಳಿಯಲ್ಲಿ ನೇತಾಡಿದ ಚಿತ್ರ ಪೇಪರಿನಲ್ಲಿ ಬಂದಿತ್ತು. ಅಕ್ಟೋಬರಿಗೆ ರಿಪೇರಿಯಾಗಿ ರೈಲು ಮತ್ತೆ ಓಡಿತು. ಅದನ್ನು ಖಚಿತ ಮಾಡಿಕೊಂಡೇ ಮುಂದುವರಿದೆವು.

ಎರಡನೆಯದು, ಯಾವಾಗ? ಇದು ನಮ್ಮಂಥವರಿಗೆ ದೊಡ್ಡ ತಲೆನೋವು. ಮಕ್ಕಳಿಗೆ ರಜೆ ಇರುವಾಗ ಅಲ್ಲಿ ಹಿಮ ಇರುವುದಿಲ್ಲ, ಹಿಮ ಇರುವಾಗ ಇಲ್ಲಿ ಕೊನೆ ಕುಯ್ಲು. ಮಗಳ ಪರೀಕ್ಷೆ ಮಾರ್ಚಿಗೆ. ಅಡಿಕೆ ಬೇಯಿಸಿ ಒಣಗಿಸಿ ಮುಗಿಯುವುದು ಜನವರಿ ಕೊನೆಗೆ. 2023ರಲ್ಲಿ ಸಾಗರದ ಮಾರಿಜಾತ್ರೆ ಆಗಿತ್ತು, ಮೂರು ವರ್ಷಕ್ಕೊಮ್ಮೆ ಆದ್ದರಿಂದ ಆ ಫೆಬ್ರವರಿಯಲ್ಲಿ ಅಕ್ಕನ ಮನೆಗೆ ನೆಂಟರ ಕಾಟವಿಲ್ಲ. ಹೀಗೆ ತೋಟ, ಪರೀಕ್ಷೆ, ಜಾತ್ರೆ, ಹಿಮ ನಾಲ್ಕನ್ನೂ ಪಕ್ಕಪಕ್ಕ ಇಟ್ಟಾಗ ಫೆಬ್ರವರಿಯ ಮೊದಲ ಹದಿನೈದು ದಿನದ ಒಂದೇ ಒಂದು ಕಿಂಡಿ ಸಿಕ್ಕಿತು. ಮಗಳ ಶಾಲೆಗೆ ಹೋಗಿ ಹೆಡ್ಮಾಸ್ತರರನ್ನು ಕೇಳಿ ರಜೆ ಪಡೆದೆ. ಸುಳ್ಳು ಜ್ವರದ ಚೀಟಿ ಬೇಡ ಅಂತ ನನ್ನ ಹಟ.

ಮೂರನೆಯದು ರೈಲು. ಖರ್ಚು ಉಳಿಯುವುದೂ ಕೆಡುವುದೂ ಇಲ್ಲೇ. ಆಗ 120 ದಿನ ಮೊದಲೇ ಟಿಕೆಟ್ ತೆಗೆಯಬಹುದಿತ್ತು. 2024ರ ನವೆಂಬರ್ 1ರಿಂದ ಅದು 60 ದಿನಕ್ಕೆ ಇಳಿದಿದೆ, ನೆನಪಿಡಿ. ಒಂದು ಟಿಕೆಟ್ಟಿನಲ್ಲಿ ಆರು ಜನಕ್ಕಿಂತ ಹೆಚ್ಚು ಹಾಕುವುದಿಲ್ಲವಾದ್ದರಿಂದ ಎರಡು ಟಿಕೆಟ್ ಮಾಡಿಸಬೇಕಾಯಿತು. ಅಕ್ಕ ಸಾಗರದ ಕೌಂಟರಿನ ಮುಂದೆ ಬಾಗಿಲು ತೆರೆಯುವ ಮೊದಲೇ ನಿಂತು, ಬೆಂಗಳೂರಿನಿಂದ ಹೊಸದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಒಂಬತ್ತೂ ಸ್ಲೀಪರ್ ಗಿಟ್ಟಿಸಿದಳು. ನಲವತ್ತೆಂಟು ಗಂಟೆ ಮೊದಲು ರದ್ದು ಮಾಡಿದರೆ ಆಗ ಸ್ಲೀಪರಿಗೆ ತಲೆಗೆ 120 ರೂಪಾಯಿ ಮಾತ್ರ ಮುರಿದುಕೊಂಡು ಉಳಿದದ್ದು ವಾಪಸ್. ಹಾಲು ಕುಡಿದು ಬಾಯಿ ಸುಟ್ಟುಕೊಂಡವಳಿಗೆ ಇದಕ್ಕಿಂತ ಸಮಾಧಾನ ಬೇಕೇ?

ನಾಲ್ಕನೆಯದು ರೂಮು. ತಂಗಿಗೆ ಪ್ರಶ್ನೆಗಳ ಪಟ್ಟಿ ಬರೆದುಕೊಟ್ಟಿದ್ದೆ. ಬಿಸಿನೀರು ಎಷ್ಟು ಹೊತ್ತು ಬರುತ್ತದೆ? ರೂಮು ಕಾಯಿಸುವ ಹೀಟರಿಗೆ ಬೇರೆ ದುಡ್ಡಾ? ರಸ್ತೆಯಿಂದ ಎಷ್ಟು ಮೆಟ್ಟಿಲು? ಒಂದು ರೂಮಿನಲ್ಲಿ ನಾಲ್ವರನ್ನು ಬಿಡುತ್ತೀರಾ? ದುಡ್ಡು ಬಂದ ಮೇಲೆ ಕೊಟ್ಟರೆ ಆಗುತ್ತದಾ? ಕೊನೆಯ ಪ್ರಶ್ನೆಗೆ "ಆಗುತ್ತದೆ" ಅಂದವರನ್ನು ಮಾತ್ರ ಆರಿಸಿದೆವು. ಫೆಬ್ರವರಿಯ ವಾರದ ದಿನಗಳಲ್ಲಿ ಗಿರಾಕಿ ಕಡಿಮೆ, ದಿನಕ್ಕೆ 1,400ಕ್ಕೆ ಇಳಿದರು. ಶಿಮ್ಲಾದಲ್ಲಿ ಮೂರು ರಾತ್ರಿ, ನಾರ್ಕಂಡಾದ ಒಂದು ಮನೆಯಲ್ಲಿ ಎರಡು ರಾತ್ರಿ.

ಬಟ್ಟೆಗೆ ಹೆದರಬೇಡಿ. ಅಂಗಡಿಯಲ್ಲಿ ಎಂಟು ಸಾವಿರದ ಕೋಟು ತೋರಿಸುತ್ತಾರೆ, ಅದು ವರ್ಷಕ್ಕೊಂದು ದಿನ ಹಾಕುವುದು. ಒಂದು ದಪ್ಪನೆಯ ಕೋಟಿಗಿಂತ ಮೂರು ತೆಳು ಬಟ್ಟೆ ಒಂದರ ಮೇಲೊಂದು ಹಾಕಿದರೆ ಹೆಚ್ಚು ಬೆಚ್ಚಗೆ. ಒಳಗೆ ಥರ್ಮಲ್, ನಡುವೆ ಉಣ್ಣೆ, ಮೇಲೆ ನೀರು ಹಿಡಿಯದ ಜಾಕೀಟು. ಅದಕ್ಕೆ ನಮ್ಮ ಮಳೆಗಾಲದ ರೇನ್‌ಕೋಟೇ ಸಾಕಾಯಿತು. ಹತ್ತಿಯ ಕಾಲುಚೀಲ ಬೇಡ, ಒದ್ದೆಯಾದರೆ ಕಾಲು ಮರಗಟ್ಟುತ್ತದೆ, ಉಣ್ಣೆಯದೇ ಆಗಬೇಕು. ಕಾಲುಚೀಲದ ಮೇಲೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿ ಬೂಟು ಹಾಕುವುದು ಗದ್ದೆ ಕೆಲಸದಲ್ಲಿ ಕಲಿತದ್ದು, ಹಿಮದಲ್ಲೂ ಚೆನ್ನಾಗಿ ನಡೆಯಿತು. ಹಿಮದ ಬೂಟು ಅಲ್ಲೇ ಬಾಡಿಗೆಗೆ ಸಿಗುತ್ತದೆ. ಅತ್ತೆ ತಮ್ಮ ಕರಿ ಕಂಬಳಿಯನ್ನು ಸುತ್ತಿ ಕೊಟ್ಟಾಗ ಮಕ್ಕಳು ನಕ್ಕಿದ್ದರು. ಉತ್ತರದ ಚಳಿಯಲ್ಲಿ ಸ್ಲೀಪರ್ ಬೋಗಿಯ ಕಿಟಕಿಸಂದಿಯಿಂದ ಗಾಳಿ ಬೀಸಿದಾಗ ಅದೇ ಕಂಬಳಿಗೆ ಇಬ್ಬರೂ ಜಗಳವಾಡಿದರು!

ಇನ್ನು ತಿಂಡಿ. ಹೋಟೆಲಿನ ಊಟ ದಿನಕ್ಕೆ ಒಂದು ಹೊತ್ತು ಮಾತ್ರ ಅಂತ ಕಟ್ಟು ಮಾಡಿದ್ದೆ. ಚಪಾತಿ, ಚಟ್ನಿಪುಡಿ, ಹುರಿದ ಅವಲಕ್ಕಿ, ಅಕ್ಕನ ಮನೆಯ ತೊಡದೇವು ರೈಲಿಗೆ. ರೂಮಿಗೆ ಗೊಜ್ಜವಲಕ್ಕಿ. ಅದಕ್ಕೆ ಮಾಡಿದ್ದು ಇಷ್ಟೇ: ಗಟ್ಟಿ ಹುಣಸೆರಸ, ಬೆಲ್ಲ, ಉಪ್ಪು, ಸಾರಿನ ಪುಡಿ ಸೇರಿಸಿ ಎಣ್ಣೆ ಬಿಡುವವರೆಗೆ ಕುದಿಸಿ, ಸಾಸಿವೆ, ಕಡಲೆಬೇಳೆ, ನೆಲಗಡಲೆ, ಕರಿಬೇವಿನ ಒಗ್ಗರಣೆ ಕೊಟ್ಟು ತಣಿದ ಮೇಲೆ ಒಣ ಬಾಟಲಿಗೆ ತುಂಬುವುದು. ಬೇಕಾದಾಗ ತೆಳು ಅವಲಕ್ಕಿಗೆ ಬಿಸಿನೀರು ಚಿಮುಕಿಸಿ ಎರಡು ಚಮಚ ಗೊಜ್ಜು ಕಲಸಿದರೆ ಐದು ನಿಮಿಷದಲ್ಲಿ ತಿಂಡಿ. ತೆಂಗಿನಕಾಯಿ ಹಾಕಬೇಡಿ, ಹಳಸುತ್ತದೆ.

ಎಲ್ಲ ಸಿದ್ಧವಾಯಿತು. ಹಿಮವೇ ಬೀಳಲಿಲ್ಲ!

ಆ ಜನವರಿ ಹಿಮಾಚಲದಲ್ಲಿ ಒಣಗಿದ ಜನವರಿ. ಪೇಪರಿನಲ್ಲಿ ದಿನಾ ಅದೇ ಸುದ್ದಿ, ಬೆಟ್ಟಗಳೆಲ್ಲ ಬೋಳು ಬೋಳು. ನೆರೆಮನೆಯವರು "ಹಿಮ ಇಲ್ಲದ ಊರಿಗೆ ಸ್ವೆಟರ್ ಹೊತ್ಕೊಂಡು ಹೋಗ್ತಾರಂತೆ" ಅಂತ ನಗಾಡಿದರು. ಇವರು ಏನೂ ಅನ್ನಲಿಲ್ಲ, ಮತ್ತೆ ಅದೇ ಮೌನ. ಟಿಕೆಟ್ ರದ್ದು ಮಾಡಿಬಿಡಲಾ ಅಂತ ಅಕ್ಕನಿಗೆ ಎರಡು ಸಲ ಫೋನು ಮಾಡಿದೆ. "ಮಳೆ ಬರುವುದಿಲ್ಲ ಅಂತ ಗದ್ದೆ ಹೂಡದೆ ಕೂತಿದ್ದೇವಾ? ಸುಮ್ಮನಿರು" ಅಂದಳು ಅಕ್ಕ. ಜನವರಿ 31ಕ್ಕೆ ಹಿಮ ಸುರಿಯಿತು ನೋಡಿ! ಫೆಬ್ರವರಿ 1ರ ಟೀವಿಯಲ್ಲಿ ಶಿಮ್ಲಾ ಬೆಳ್ಳಗೆ. ಈಗ ಇನ್ನೊಂದು ಭಯ, ನೂರಾರು ರಸ್ತೆಗಳು ಬಂದ್ ಆಗಿದ್ದವು. ತಂಗಿ ದಿನಕ್ಕೊಮ್ಮೆ ನಾರ್ಕಂಡಾದ ಮನೆಯವರಿಗೆ ಫೋನು ಮಾಡಿ ವಿಚಾರಿಸಿದಳು. "ನೀವು ಬರುವ ಹೊತ್ತಿಗೆ ತೆರೆಯುತ್ತದೆ" ಅಂದರು.

ಫೆಬ್ರವರಿ 3ರ ಮುಂಜಾನೆ ಸಾಗರದಲ್ಲಿ ತಾಳಗುಪ್ಪದ ರೈಲು ಹತ್ತಿದೆವು. ನಾವು ಹಿಂದಿನ ಸಂಜೆಯೇ ಅಕ್ಕನ ಮನೆಗೆ ಬಂದಿದ್ದೆವು. ತಂಗಿಯ ಸಂಸಾರ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಂದು ಅಲ್ಲಿ ಹತ್ತಿಕೊಂಡಿತು. ಬೆಂಗಳೂರಿನಿಂದ ಎರಡು ರಾತ್ರಿ, ಒಂದು ಪೂರ್ತಿ ಹಗಲು ಕಳೆದು ದೆಹಲಿ. ಅಲ್ಲಿ ಹಗಲು ಸ್ಟೇಷನ್ನಿನಲ್ಲೇ ಸ್ನಾನ, ವಿಶ್ರಾಂತಿ ಮುಗಿಸಿ, ಹಳೆ ದೆಹಲಿಯಿಂದ ರಾತ್ರಿ ಹೊರಡುವ ನೇತಾಜಿ ಎಕ್ಸ್‌ಪ್ರೆಸ್. ಹಿಂದೆ ಕಾಲ್ಕಾ ಮೇಲ್ ಅನ್ನುತ್ತಿದ್ದುದು ಇದನ್ನೇ. ಬೆಳಗಿನ ಜಾವ ಕಾಲ್ಕಾದಲ್ಲಿ ಇಳಿದು ಪುಟ್ಟ ರೈಲು. 1903ರಿಂದ ಓಡುತ್ತಿರುವ ಈ ರೈಲು 96 ಕಿ.ಮೀ. ಹತ್ತುವಷ್ಟರಲ್ಲಿ ನೂರಕ್ಕೂ ಮಿಕ್ಕಿ ಸುರಂಗ ದಾಟುತ್ತದೆ. ಸುರಂಗ ಬಂದಾಗಲೆಲ್ಲ ಮಕ್ಕಳು ಕೂಗುತ್ತಿದ್ದರು. ಐವತ್ತೆರಡರ ಅಕ್ಕನೂ ಕೂಗಿದಳು. ಭಾವ ಹೋದಮೇಲೆ ಅವಳ ಅಂಥ ದನಿ ನಾನು ಕೇಳಿರಲಿಲ್ಲ.

ಶಿಮ್ಲಾದಲ್ಲಿ ಬಸ್ಸಿನ ರಸ್ತೆ ಕೆಳಗೆ, ಪೇಟೆ ಬೆಟ್ಟದ ಮೇಲೆ. ನಡುವೆ ಲಿಫ್ಟ್ ಇದೆ, ಹತ್ತಿ ಹೋದೆವು. ಬೆಳಿಗ್ಗೆ ತಲೆ ಬಾಚಲು ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದರೆ ಕಲ್ಲಾಗಿತ್ತು! ಎರಡು ದಿನ ಚಳಿಗೆ ಮೈ ಒಗ್ಗಿಸಿಕೊಂಡು ನಾರ್ಕಂಡಾ ಬಸ್ಸು ಹತ್ತಿದೆವು. ನಮ್ಮ ಕೊಡಚಾದ್ರಿ 1,343 ಮೀಟರ್, ನಾರ್ಕಂಡಾ ಅದರ ಎರಡರಷ್ಟು ಎತ್ತರ. ಹಾಗಾಗಿ ನಿಧಾನ ನಡೆಯಿರಿ, ನೀರು ಚೆನ್ನಾಗಿ ಕುಡಿಯಿರಿ. ಬಿಸಿಲು ಹಿಮಕ್ಕೆ ಬಿದ್ದು ಕಣ್ಣಿಗೆ ರಾಚುತ್ತದೆ, ತಂಪು ಕನ್ನಡಕ ಬೇಕೇ ಬೇಕು.

ನಾವು ಉಳಿದದ್ದು ಸೇಬಿನ ತೋಟದವರ ಮನೆಯಲ್ಲಿ. ನಾರ್ಕಂಡಾದ ಹತ್ತಿರದ ಕೋಟ್‌ಗಢದಲ್ಲೇ ಅಮೆರಿಕದಿಂದ ಬಂದು ನೆಲೆಸಿದ ಸ್ಟೋಕ್ಸ್ ಅನ್ನುವವರು ನೂರು ವರ್ಷದ ಹಿಂದೆ ಒಳ್ಳೆಯ ಜಾತಿಯ ಸೇಬು ತಂದು ನೆಟ್ಟದ್ದು. ಮನೆಯ ಯಜಮಾನಿ ನನ್ನಷ್ಟೇ ವಯಸ್ಸಿನವಳು. ಒಲೆಯ ಮುಂದೆ ಕೂರಿಸಿ ಚಹಾ ಕೊಟ್ಟಳು. ತಂಗಿಯ ಹಿಂದಿಯಲ್ಲಿ ಮಾತು ಬೆಳೆಯಿತು. ನೀವು ಹಿಮ ನೋಡಲು ಬಂದಿರಿ, ನಾವು ಹಿಮಕ್ಕಾಗಿ ತಿಂಗಳಿಡೀ ದೇವರಿಗೆ ಕೈ ಮುಗಿದೆವು ಅಂದಳು. ಸೇಬಿನ ಗಿಡಕ್ಕೆ ಚಳಿಗಾಲದಲ್ಲಿ ಸಾವಿರ ಗಂಟೆಯಷ್ಟು ಗಟ್ಟಿ ಚಳಿ ಬೇಕಂತೆ, ಇಲ್ಲದಿದ್ದರೆ ಹೂವು ಸರಿಯಾಗಿ ಬಿಡುವುದಿಲ್ಲ. ಅವರ ಗಿಡಕ್ಕೂ ಎಲೆಯ ರೋಗ, ಅವರಿಗೂ ಔಷಧಿಯ ಸಾಲ. ಇವರು ಜೇಬಿನಿಂದ ಒಂದು ಗೋಟಡಿಕೆ ತೆಗೆದು ಅವಳ ಗಂಡನ ಕೈಯಲ್ಲಿಟ್ಟರು. ಅವರಿಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ರಾತ್ರಿ ಹತ್ತರವರೆಗೆ ಮೊಬೈಲಿನಲ್ಲಿ ರೋಗ ಬಿದ್ದ ಎಲೆಗಳ ಫೋಟೋ ತೋರಿಸಿಕೊಳ್ಳುತ್ತಾ ಕೂತಿದ್ದರು.

ಮರುದಿನ ಇಳಿಜಾರಿಗೆ. ಅಲ್ಲಿಗೆ ಜೀಪು ಬೇಕಾಯಿತು, ನಮ್ಮ ಪಾಲು ಒಂದು ಸಾವಿರ. ಇದು ಚೀಟಿಯಲ್ಲಿರಲಿಲ್ಲ. ಆಪತ್ತಿನ ಲಕೋಟೆಯಿಂದ ತೆಗೆದೆ. ಸ್ಕೀ ಅಂದರೆ ಬೂಟಿಗೆ ಸಿಕ್ಕಿಸುವ ಉದ್ದನೆಯ ಎರಡು ಹಲಗೆ, ಕೈಯಲ್ಲಿ ಎರಡು ಕೋಲು. ಬಾಡಿಗೆ, ಕಲಿಸುವವನ ಸಂಬಳ ಸೇರಿ ಒಬ್ಬರಿಗೆ ಒಂದು ಗಂಟೆಗೆ 700ಕ್ಕೆ ಒಪ್ಪಿಸಿದ್ದೆವು. ಮೊದಲು ಕಲಿಸುವುದೇ ನಿಲ್ಲುವುದನ್ನು. ಎರಡು ಹಲಗೆಯ ಮುಂದಿನ ತುದಿ ಹತ್ತಿರ ತಂದು, ಹಿಂದಿನ ತುದಿ ಅಗಲ ಮಾಡಿದರೆ ವೇಗ ತಗ್ಗುತ್ತದೆ. ಮಂಡಿ ಬಗ್ಗಿಸಿ ಮೈ ಮುಂದಕ್ಕೆ ಬಾಗಿಸಬೇಕು. ಹೆದರಿ ಹಿಂದಕ್ಕೆ ವಾಲಿದಿರೋ ಬಿದ್ದಿರಿ! ಮಗ ಎಂಟು ಸಲ ಬಿದ್ದ. ಮಗಳು ಮೂರೇ ಸಲ. ಪಾಚಿಗಟ್ಟಿದ ಸಂಕದ ಮೇಲೆ ದಿನಾ ನಡೆದು ಶಾಲೆಗೆ ಹೋಗುವವಳಿಗೆ ಜಾರುವುದು ಹೊಸದೇ?

ಅಕ್ಕ ಸ್ಕೀ ಬೇಡ ಅಂದಳು. ಕೂತು ಜಾರುವ ಮರದ ಗಾಡಿ ಇತ್ತು, ಬಲವಂತವಾಗಿ ಕೂರಿಸಿದೆವು. ಹುಡುಗ ಹಗ್ಗ ಹಿಡಿದು ಎಳೆದ. "ಅಯ್ಯೋ, ಇದು ಹಾಳೆ ಗಾಡಿ ಕಣೇ!" ಅಂತ ಕೂಗಿದಳು. ನಿಮಗೂ ನೆನಪಿದೆಯಲ್ಲವೇ, ಅಡಿಕೆ ಹಾಳೆಯ ಮೇಲೆ ಒಬ್ಬಳು ಕೂತು ಇನ್ನೊಬ್ಬಳು ಎಳೆಯುವ ಆಟ? ನಲವತ್ತು ವರ್ಷದ ಹಿಂದೆ ಅಪ್ಪನ ಮನೆ ಅಂಗಳದಲ್ಲಿ ಅಕ್ಕ ನನ್ನನ್ನು ಎಳೆದಿದ್ದಳು. ಯಾವಾಗಲೂ ಎಳೆಯುವವಳು ಅವಳೇ. ನಾನು ಹುಡುಗನ ಕೈಯಿಂದ ಹಗ್ಗ ತೆಗೆದುಕೊಂಡು ಈ ಸಲ ಅವಳನ್ನು ಎಳೆದೆ. ಹತ್ತು ಹೆಜ್ಜೆಗೇ ಏದುಸಿರು ಬಂತು. ಅಕ್ಕನ ಕಣ್ಣಲ್ಲಿ ನೀರು. ಚಳಿಗೆ ಅಂದಳು.

ಇವರು ದೂರದಲ್ಲಿ ಕೈ ಕಟ್ಟಿ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಹತ್ತಿರ ಬಂದು, "ಲಕೋಟೆಯಲ್ಲಿ ಇನ್ನೂ ಎಷ್ಟಿದೆ?" ಅಂದರು. "ಮೂರು ಸಾವಿರ." "ಏಳು ನೂರು ಕೊಡ್ತೀಯಾ?" ಅಂತ ಕೇಳಿದರು! ಇಪ್ಪತ್ತು ವರ್ಷದಲ್ಲಿ ಅವರು ನನ್ನನ್ನು ದುಡ್ಡು ಕೇಳಿದ್ದು ಅದೇ ಮೊದಲು. ಕೊಟ್ಟೆ. ಎಷ್ಟು ಸಲ ಬಿದ್ದರು ಅಂತ ಮಾತ್ರ ಬರೆಯಬಾರದು ಅಂತ ನನಗೆ ಅಪ್ಪಣೆಯಾಗಿದೆ.

ಈಗ ಚೀಟಿ ತೋರಿಸುತ್ತೇನೆ. ನಾಲ್ವರಿಗೆ, ಊರು ಬಿಟ್ಟು ಊರು ಸೇರುವವರೆಗೆ: ರೈಲು ಎಲ್ಲ ಸೇರಿ 11,400. ರೂಮು ಐದು ರಾತ್ರಿಗೆ 7,000. ಬಸ್ಸು, ಆಟೋ, ಲಿಫ್ಟು 2,600. ಊಟ ತಿಂಡಿ 7,200. ಬಟ್ಟೆ 4,000. ಆಟಕ್ಕೆ 3,800, ಅಂದರೆ ಮಕ್ಕಳಿಬ್ಬರಿಗೂ ಎರಡೆರಡು ಗಂಟೆ ಸ್ಕೀ, ಎಲ್ಲರ ಬೂಟಿನ ಬಾಡಿಗೆ ಮತ್ತು ಹಾಳೆ ಗಾಡಿ. ಆಪತ್ತಿಗೆ ಇಟ್ಟದ್ದು 4,000, ಅದರಲ್ಲಿ ಜೀಪಿಗೆ 1,000, ಇವರ ಸ್ಕೀಗೆ 700. ಉಳಿದದ್ದು 2,300. ಅದರಲ್ಲಿ ಅತ್ತೆಗೊಂದು ಶಿಮ್ಲಾದ ಶಾಲು ತರಬಹುದಿತ್ತು, ಆದರೆ ದುಡ್ಡನ್ನೇ ವಾಪಸ್ ತಂದು ಅವರ ಕೈಯಲ್ಲಿಟ್ಟೆ. "ಶಾಲಿಗಿಂತ ಇದೇ ಬೆಚ್ಚಗೆ" ಅಂತ ನಕ್ಕರು. ಹನ್ನೆರಡು ದಿನ ನಮ್ಮ ಹಸುಗಳನ್ನು ನೋಡಿಕೊಂಡ ನೆರೆಮನೆಯವರಿಗೆ, ನಮ್ಮನ್ನು ನೋಡಿ ನಗಾಡಿದವರೂ ಅವರೇ, ಒಂದು ಬುಟ್ಟಿ ಒಣ ಸೇಬಿನ ಚೂರು ಕೊಟ್ಟೆ. ಅದು ನಾರ್ಕಂಡಾದ ಯಜಮಾನಿ ಕೊಟ್ಟಿದ್ದು, ಅದಕ್ಕೆ ಖರ್ಚಿಲ್ಲ.

ಹೊರಡುವವರಿಗೆ ನನ್ನ ಕಿವಿಮಾತು ನಾಲ್ಕೇ. ಯಾರೇ "ಎಲ್ಲ ಸೇರಿ" ಅಂದರೂ ಬಿಡಿಸಿ ಬರೆಸಿಕೊಳ್ಳಿ. ಮುಂಗಡ ಪೂರ್ತಿ ಒಬ್ಬರ ಕೈಗೆ ಕೊಡಬೇಡಿ, ವಾಪಸ್ ಬರುವಂಥದ್ದಕ್ಕೆ ಮಾತ್ರ ಕೊಡಿ. ಹತ್ತರಲ್ಲಿ ಒಂದು ಪಾಲು ದುಡ್ಡು ಬೇರೆ ಲಕೋಟೆಯಲ್ಲಿರಲಿ. ಟಿಕೆಟ್ಟು, ಆಧಾರ್, ಫೋನ್ ನಂಬರುಗಳನ್ನು ಕಾಗದದ ಮೇಲೂ ಇಟ್ಟುಕೊಳ್ಳಿ, ಚಳಿಗೆ ಮೊಬೈಲಿನ ಚಾರ್ಜು ಬೇಗ ಇಳಿಯುತ್ತದೆ. ಹಿಮ ಬೇಡ, ಜೋಗಕ್ಕೋ ಕವಲೇದುರ್ಗಕ್ಕೋ ಹೋಗುತ್ತೇವೆ ಅಂದರೂ ಲೆಕ್ಕ ಇದೇ.

ಬಂದ ಒಂದು ವಾರಕ್ಕೆ ಇವರು ಅಡಿಕೆ ಮಂಡಿಯ ಪಟ್ಟಿ, ಔಷಧಿ ಅಂಗಡಿಯ ಬಿಲ್ಲು, ತೋಟದ ಆಳುಗಳ ಪುಸ್ತಕ ಎಲ್ಲ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. "ಇದನ್ನೂ ಆ ನೋಟುಬುಕ್ಕಿನ ಹಾಗೆ ಬಿಡಿಸಿ ಬರೆದುಕೊಡು. ಔಷಧಿಗೆ ಎಲ್ಲಿ ಹೆಚ್ಚು ಹೋಗ್ತಾ ಇದೆ ನೋಡಬೇಕು" ಅಂದರು. ಅಷ್ಟೇ ಅಂದದ್ದು. ಟೂರಿನ ದುಡ್ಡಿನ ಮಾತು ನಮ್ಮ ಮನೆಯಲ್ಲಿ ಆಮೇಲೆ ಬಂದಿಲ್ಲ. ಒಲೆ ಮೇಲೆ ಅನ್ನಕ್ಕೆ ಎಸರಿಟ್ಟು, ನೋಟುಬುಕ್ಕಿನ ಹೊಸ ಹಾಳೆ ತಿರುಗಿಸಿ, ಮೊದಲ ಸಾಲು ಬರೆದೆ.